ಈ ಕೋವಿಗೆ ಯಾವ ತೋಟಾ?

6 ಆಗಸ್ಟ್ 2023, ಭಾನುವಾರ

ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಇನ್ನು ತಿಂಗಳೂ ಇಲ್ಲ. ದೊಡ್ಡಪ್ಪ ಬೀರು ತೆಗೆಸಿ ಎರಡೂ ಕೋವಿಗಳನ್ನು ಹೊರಗಿಡಿಸಿದರು. 12 ಬೋರಿನ ಒಂಟಿ ನಳಿಗೆ ಪ್ರತಿವರ್ಷ ಎಣ್ಣೆ ಕಾಣುತ್ತದೆ. ಇನ್ನೊಂದು ಬೂಷ್ಟು ಹಿಡಿದ ಕ್ಯಾನ್ವಾಸ್ ಚೀಲದಲ್ಲಿತ್ತು. ಅದನ್ನು ಯಾರಾದರೂ ಹಾರಿಸಿದ್ದು ನನಗೆ ನೆನಪಿಲ್ಲ. ಸಣ್ಣ, ಹಗುರವಾದ ರೈಫಲ್. ಎಂಟು ಪಟ್ಟಿಯ ನಳಿಗೆ, ಹೊರಗೆ ಕಾಣುವ ಒಂದು ಕುದುರೆ, ಟ್ರಿಗರ್ ಕಾವಲಿನ ಕೆಳಗೆ ಬಾಗಿಕೊಂಡಿರುವ ಲಿವರ್. ಲಿವರನ್ನು ಪಕ್ಕಕ್ಕೆ ತಳ್ಳಿದರೆ ನಳಿಗೆ ಕೆಳಗೆ ಬಾಗಿ ಹಿಂಬಾಯಿ ತೆರೆದುಕೊಳ್ಳುತ್ತದೆ. ತೆರೆದ ಕೂಡಲೇ ಒಳಗೆ ಬೆರಳಿಟ್ಟು ನೋಡಿದೆ, ಖಾಲಿ. ಆಮೇಲೆ ಹಿತ್ತಾಳೆಯ ಸರಳನ್ನು ಬಾಯಿಯಿಂದ ಕೊನೆಯವರೆಗೆ ಇಳಿಸಿದೆ. ನಡುವೆ ಎಲ್ಲೂ ತಡೆಯಲಿಲ್ಲ. ಹಳೆಯ ನಳಿಗೆಯಲ್ಲಿ ಕಣಜದ ಮಣ್ಣಿನ ಗೂಡೋ ತುಂಡು ಬಟ್ಟೆಯೋ ಸಿಕ್ಕಿಕೊಂಡಿರುವುದು ಹೊಸತಲ್ಲ.

ಪರವಾನಗಿ ವಿನಾಯಿತಿ ಪತ್ರದಲ್ಲಿರುವ ನಂಬರಿಗೂ ಕೋವಿಯ ಮೇಲಿನ ನಂಬರಿಗೂ ತಾಳೆಯಾಯಿತು. ಪತ್ರದಲ್ಲಿ ಬರೆದಿರುವುದು ಇಷ್ಟೇ: ರೈಫಲ್, ಒಂಟಿ ನಳಿಗೆ, .30.

ರಾತ್ರಿ ಬೆಂಗಳೂರಿನಿಂದ ತಮ್ಮ ಫೋನ್ ಮಾಡಿದ. "ಅಕ್ಕಾ, .30 ಅಂದ್ರೆ .30-06 ತಾನೆ? ಸಿಕ್ಕಿದ್ರೆ ಹತ್ತು ತೋಟಾ ತರ್ತೀನಿ. ಈ ಸಲ ಹಬ್ಬದ ತೆಂಗಿನಕಾಯಿಗೆ ಅಜ್ಜನ ಕೋವೀಲೇ ಹೊಡೆಯೋಣ."

ಏನೂ ತರಬೇಡ ಎಂದೆ. .30 ಅನ್ನುವುದು ಕೊಳವೆಯ ಅಗಲ, ಅದೂ ಸುಮಾರಿಗೆ. ತೋಟಾದ ಉದ್ದ ಎಷ್ಟು, ಅದು ಎಷ್ಟು ಒತ್ತಡ ಹುಟ್ಟಿಸುತ್ತದೆ ಎಂಬುದು ಆ ಅಂಕಿಯಲ್ಲಿ ಇಲ್ಲ. .30-06 ಹಾರುವಾಗ ಒಳಗೆ ಚದರ ಅಂಗುಲಕ್ಕೆ 60,000 ಪೌಂಡಿನಷ್ಟು ಒತ್ತಡ ಏಳುತ್ತದೆ. ನನ್ನ ಕೈಯಲ್ಲಿರುವುದು ನಳಿಗೆಯಡಿಯಲ್ಲಿ ಒಂದು ಕೊಕ್ಕೆಯ ಮೇಲೆ ನಿಂತಿರುವ ಬೀಗ. ಆ ಉದ್ದನೆಯ ತೋಟಾ ಇದರಲ್ಲಿ ಹೋಗುವುದೇ ಇಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. ಆದರೂ ಅವನಿಗೆ ಮೊದಲು ಹೊಳೆದದ್ದು ಅದೇ. ಕೋವಿಯನ್ನು ನೋಡದೆ ಅಂಕಿಯನ್ನು ಮಾತ್ರ ಕೇಳಿದವರಿಗೆ ಹೊಳೆಯುವುದೇ ಹಾಗೆ.

8 ಆಗಸ್ಟ್, ಮಂಗಳವಾರ

ಮಳೆ ಈ ಸಲ ಆಗಸ್ಟಿನಲ್ಲೇ ಕೈಕೊಟ್ಟಿದೆ. ಕಾಲೇಜಿನಿಂದ ಬೇಗ ಬಂದು ಹಗಲು ಬೆಳಕಿನಲ್ಲೇ ಕೋವಿಯನ್ನು ಬಿಚ್ಚಿದೆ. ನಳಿಗೆಯಡಿಯ ಮರದ ತುಂಡನ್ನು ಹಿಡಿದಿರುವುದು ಒಂದು ಅಡ್ಡಬೆಣೆ. ಅದನ್ನು ಮರದ ಕಡ್ಡಿಯಿಂದ ತಳ್ಳಿದರೆ ಮರ ಬಿಡುತ್ತದೆ, ಲಿವರ್ ತಿರುಗಿಸಿದರೆ ನಳಿಗೆ ಕೀಲಿನಿಂದ ಎದ್ದು ಬರುತ್ತದೆ.

ನಳಿಗೆಯ ಮೇಲ್ಭಾಗದಲ್ಲಿ ಕೊರೆದಿರುವುದು "ಪಿ. ಓರ್ ಅಂಡ್ ಸನ್ಸ್, ಮದ್ರಾಸ್". ದೊಡ್ಡಪ್ಪ ಇಷ್ಟು ವರ್ಷವೂ ಇದನ್ನು ಮದ್ರಾಸಿನಲ್ಲಿ ಮಾಡಿದ ಕೋವಿ ಎಂದೇ ಹೇಳಿಕೊಂಡು ಬಂದವರು. ಮದ್ರಾಸಿನ ಮೌಂಟ್ ರೋಡಿನ ಆ ಅಂಗಡಿ ಗಡಿಯಾರಕ್ಕೆ ಹೆಸರಾದದ್ದು, ಕೋವಿಯನ್ನೂ ಮಾರುತ್ತಿತ್ತು. ಕಲ್ಕತ್ತೆಯ ಮ್ಯಾಂಟನ್, ರೋಡಾ ಅಂಗಡಿಗಳ ಹೆಸರೂ ಹೀಗೇ ಎಷ್ಟೋ ನಳಿಗೆಗಳ ಮೇಲೆ ಕೂತಿದೆ. ಮೇಲಿರುವುದು ಬಹುಮಟ್ಟಿಗೆ ಮಾರಿದವನ ಹೆಸರು. ಕೋವಿ ಎಲ್ಲಿ ಪರೀಕ್ಷೆಯಾಯಿತು, ಯಾವ ಮದ್ದಿಗೆ ಆಯಿತು ಎಂಬುದು ನಳಿಗೆಯ ಅಡಿಯಲ್ಲಿ, ಬಿಚ್ಚದೆ ಕಾಣದ ಚಪ್ಪಟೆ ಜಾಗದಲ್ಲಿ ಇರುತ್ತದೆ.

ಸೀಮೆಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಆ ಜಾಗ ತಿಕ್ಕಿದೆ. ಕಂದು ಕೊಳೆ ಕರಗಿದಂತೆ ಎರಡು ಮುದ್ರೆಗಳು ಎದ್ದವು. ಎರಡರಲ್ಲೂ ಕತ್ತರಿಯಾಕಾರದಲ್ಲಿ ದಾಟಿಕೊಂಡ ಎರಡು ರಾಜದಂಡ, ಮೇಲೆ ಕಿರೀಟ. ಒಂದರ ಸಂದುಗಳಲ್ಲಿ ಬಿ, ಪಿ, ಸಿ ಅಕ್ಷರಗಳು, ಇನ್ನೊಂದರಲ್ಲಿ ವಿ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ದಂಡದ ತುದಿ ಅರ್ಧ ಮಾತ್ರ ಮೂಡಿದೆ, ಅಚ್ಚು ಹೊಡೆದವನ ಸುತ್ತಿಗೆ ಕೊಂಚ ವಾಲಿರಬೇಕು.

ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಗುರುತು, 1813ರಿಂದ 1904ರವರೆಗೆ ಬಳಕೆಯಲ್ಲಿದ್ದದ್ದು. 1904ರ ನಂತರ ಅಲ್ಲಿನ ಗುರುತು ಬದಲಾಗಿ ಕಿರೀಟದ ಕೆಳಗೆ ಬಿಪಿ, ಬಿವಿ ಬಂತು, ಹೊಗೆಯಿಲ್ಲದ ಮದ್ದಿಗೆ ಪಾಸಾದ ನಳಿಗೆಗೆ ಎನ್‌ಪಿ ಬಿತ್ತು. ಅದಕ್ಕೂ ಮುಂಚೆ, 1896ರಿಂದ, ಬೇಕೆಂದವರಿಗೆ "ನೈಟ್ರೋ ಪ್ರೂಫ್" ಎಂದು ಅಕ್ಷರಗಳಲ್ಲೇ ಹೊಡೆದುಕೊಡುತ್ತಿದ್ದರು. ನಮ್ಮದರಲ್ಲಿ ಎನ್‌ಪಿ ಇಲ್ಲ, ನೈಟ್ರೋ ಎಂಬ ಮಾತೂ ಇಲ್ಲ. ಅಂದರೆ ಈ ನಳಿಗೆ ಕರಿಮದ್ದಿಗೆ ಮಾತ್ರ ಪರೀಕ್ಷೆಯಾದದ್ದು. ಈಗ ಅಂಗಡಿಯಲ್ಲಿ ಸಿಗುವ ಕಾರ್ಖಾನೆ ತೋಟಾ ಬಹುಮಟ್ಟಿಗೆ ಹೊಗೆಯಿಲ್ಲದ ಮದ್ದಿನವು, ಇದಕ್ಕಲ್ಲ.

ಹಿಂಬಾಯಿಯನ್ನು ಮುಚ್ಚುವ ಹಿಂಗೋಡೆಯಲ್ಲಿ, ಕೇಪಿಗೆ ಬಡಿಯುವ ಮೊಳೆ ಹೊರಬರುವ ತೂತನ್ನೂ ನೋಡಿದೆ. ಸರಿಯಾಗಿ ನಡುವೆ ಇದೆ. .22ರ ತೋಟಾಕ್ಕಾದರೆ ಮೊಳೆ ಅಂಚಿಗೆ ಬಡಿಯಬೇಕು. ಆದ್ದರಿಂದ ಇದು .22 ಅಲ್ಲ, ನಡುವೆ ಕೇಪು ಇರುವ ಯಾವುದೋ ತೋಟಾದ ರೈಫಲ್. ಯಾವುದು?

12 ಆಗಸ್ಟ್, ಶನಿವಾರ

ಹವಿಲ್ದಾರ್ ಮಾವ ಬಂದಿದ್ದರು. ಸೇನೆಯಲ್ಲಿ ಇದ್ದಷ್ಟು ಕಾಲವೂ ಬಂದೂಕು ರಿಪೇರಿಯಲ್ಲೇ ಕಳೆದವರು. ಕೋವಿಯನ್ನು ಕೈಗೆ ತೆಗೆದುಕೊಳ್ಳುವ ಮುಂಚೆ, "ತೆರೆದು ಕೊಡವ್ವಾ" ಎಂದರು. ನಾನೇ ನೋಡಿ ಖಾಲಿ ಎಂದು ಖಚಿತಪಡಿಸಿಕೊಂಡದ್ದು ಅವರಿಗೆ ಗೊತ್ತು. ಆದರೂ ತಾವೂ ಬೆರಳಿಟ್ಟು ನೋಡಿದರು. ಈ ಶಿಸ್ತು ಅವರ ಮೈಗೆ ಹತ್ತಿಬಿಟ್ಟಿದೆ. ಇಂಥವರು ಮನೆಮನೆಗೊಬ್ಬರು ಇರಬೇಕು.

ಮರದ ತುಂಡು ತೆಗೆದಿಟ್ಟು ನಳಿಗೆಯನ್ನು ಮಾತ್ರ ಸಿಕ್ಕಿಸಿ ಮುಚ್ಚಿದರು. ಆ ಮರ ಇದ್ದರೆ ಅದರ ಸ್ಪ್ರಿಂಗು ನಳಿಗೆಯನ್ನು ಒತ್ತಿ ಹಿಡಿದು ಸಡಿಲವನ್ನು ಮುಚ್ಚಿಹಾಕುತ್ತದಂತೆ. ಬಟ್ಟನ್ನು ಕಂಕುಳಲ್ಲಿ ಅವುಚಿ ನಳಿಗೆಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿದರು. ಸದ್ದಿಲ್ಲ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನಳಿಗೆಗೂ ಹಿಂಗೋಡೆಗೂ ನಡುವೆ ಬೆಳಕಿನ ಗೆರೆ ಕಾಣುತ್ತದೆಯೇ ಎಂದು ನೋಡಿದರು. ಕೊನೆಗೆ ದೀಪದ ಕಪ್ಪನ್ನು ಹಿಂಗೋಡೆಗೆ ಹಚ್ಚಿ, ಮುಚ್ಚಿ, ತೆರೆದು, ನಳಿಗೆಯ ಹಿಂಬಾಯಿಯ ಸುತ್ತ ಕಪ್ಪು ಒಂದೇ ಸಮ ಅಂಟಿದ್ದನ್ನು ತೋರಿಸಿದರು. ಬಿಗಿತ ಚೆನ್ನಾಗಿದೆ. ಕುದುರೆಯನ್ನು ಅರ್ಧ ಎಳೆದಿಟ್ಟು ಟ್ರಿಗರ್ ಒತ್ತಿದರೂ ಬೀಳಲಿಲ್ಲ.

ನಳಿಗೆಯ ಒಳಗೆ ಹಿಂಬಾಯಿಯ ಹತ್ತಿರ ತುಕ್ಕಿನ ಗುಳಿಗಳಿವೆ, ಮುಂದೆ ಶುಚಿಯಾಗಿದೆ. ಉಬ್ಬಿದ ನಳಿಗೆಯಲ್ಲಿ ಕಾಣುವ ನೆರಳಿನ ಉಂಗುರ ಇಲ್ಲ.

"ಮೈ ಗಟ್ಟಿಯಾಗಿದೆ. ಹೊಟ್ಟೆಗೆ ಏನು ಹಾಕಬೇಕು ಅನ್ನೋದೇ ಗೊತ್ತಾಗಬೇಕು" ಎಂದರು ಮಾವ. ತೋಟಾ ಕೂರುವ ಕೋಣೆಯ ಅಚ್ಚು ತೆಗೆಯದೆ ಅದು ಗೊತ್ತಾಗುವುದಿಲ್ಲ. ಹೊಂದುತ್ತದೆಯೋ ನೋಡೋಣ ಎಂದು ಸಿಕ್ಕಿದ ತೋಟಾಗಳನ್ನು ಒಂದೊಂದಾಗಿ ತೂರಿಸಿ ನೋಡುವ ಅಭ್ಯಾಸ ನಮ್ಮ ಊರುಗಳಲ್ಲಿ ಇದೆ. ಅದಕ್ಕೆ ಇಬ್ಬರೂ ಒಪ್ಪಲಿಲ್ಲ. ತೋಟಾ ಒಳಗೆ ಹೋಯಿತು ಅಂದಮಾತ್ರಕ್ಕೆ ಅದು ಆ ಕೋವಿಯದಾಗುವುದಿಲ್ಲ.

13 ಆಗಸ್ಟ್, ಭಾನುವಾರ

ಗೊಬ್ಬರದಂಗಡಿಯಿಂದ ಗಂಧಕ ತಂದು ಅಂಗಳದಲ್ಲಿ ಒಲೆ ಹೂಡಿದೆವು. ಮನೆಯೊಳಗೆ ಮಾಡುವ ಕೆಲಸ ಅಲ್ಲ, ಬೆಂಕಿ ಹತ್ತಿದರೆ ಅದರ ಹೊಗೆ ಎದೆ ಹಿಂಡುತ್ತದೆ. ಗಂಧಕ 115 ಡಿಗ್ರಿಯ ಹತ್ತಿರ ಕರಗಿ ಜೇನಿನ ಬಣ್ಣಕ್ಕೆ ಬರುತ್ತದೆ. ಉರಿ ಹೆಚ್ಚಾದರೆ ಕಪ್ಪಾಗಿ ಗೊಜ್ಜಾಗುತ್ತದೆ, ಆಮೇಲೆ ಸುರಿಯಲು ಬರುವುದಿಲ್ಲ. ಕೋಣೆಗೆ ತೆಳುವಾಗಿ ಎಣ್ಣೆ ಸವರಿ, ಅದರಾಚೆ ಕೊಳವೆಯಲ್ಲಿ ಬಟ್ಟೆಯ ಬಿರಡೆ ಒತ್ತಿ, ನಳಿಗೆಯನ್ನು ಹಿಂಬಾಯಿ ಮೇಲಾಗಿ ನೆಟ್ಟಗೆ ನಿಲ್ಲಿಸಿ ನಿಧಾನವಾಗಿ ಸುರಿದೆವು. ಆರಿದ ಮೇಲೆ ಮಾವ ಬಾಯಿಯ ಕಡೆಯಿಂದ ಸರಳನ್ನು ಇಳಿಸಿ ಒಂದು ಸಣ್ಣ ಪೆಟ್ಟು ಕೊಟ್ಟರು. ಹಳದಿ ಅಚ್ಚು ಅವರ ಅಂಗೈಗೆ ಬಿತ್ತು.

ಅದನ್ನು ಕಂಡ ಕ್ಷಣ ಇಬ್ಬರೂ ಸುಮ್ಮನಾದೆವು. ಅಚ್ಚಿನಲ್ಲಿ ಒಂದು ಮೆಟ್ಟಿಲಿತ್ತು.

15 ಆಗಸ್ಟ್, ಮಂಗಳವಾರ

ಕಾಲೇಜಿನಲ್ಲಿ ಧ್ವಜ ಏರಿಸಿ ಬಂದ ಮೇಲೆ, ವರ್ಕ್‌ಶಾಪಿನಿಂದ ಕೇಳಿ ತಂದಿದ್ದ ಮೈಕ್ರೊಮೀಟರ್ ಇಟ್ಟುಕೊಂಡು ಕೂತೆ. ಅಳತೆಗಳನ್ನು ಇಲ್ಲೇ ಬರೆದಿಡುತ್ತೇನೆ, ನನ್ನ ನಂತರ ಈ ಕೋವಿ ಯಾರ ಕೈಗೆ ಬಂದರೂ ಬೇಕಾಗುತ್ತದೆ.

ಹಿಂಬಾಯಿಯಿಂದ 23.5 ಮಿ.ಮೀ. ಆಳದವರೆಗೆ ಕೋಣೆಯ ಅಗಲ 8.65 ಮಿ.ಮೀ. ಅಲ್ಲಿ ಮೆಟ್ಟಿಲು. ಅಲ್ಲಿಂದ ಮುಂದೆ, ಸುಮಾರು 30 ಮಿ.ಮೀ. ಆಳದವರೆಗೆ, 8.15. ಆಮೇಲೆ ಸುರುಳಿಗೆರೆಗಳ ಕೊಳವೆ ಶುರು. ಹಿಂದಿನ ಅಗಲವಾದ ಭಾಗದ ಮೇಲೆ ಸುತ್ತಲೂ ಗೀರುಗಳಿವೆ, ಮುಂದಿನದು ನಯವಾಗಿದೆ. ಕೊಳವೆಯ ಅಳತೆಗೆ ಮೀನುಬಲೆಗೆ ಕಟ್ಟುವ ಮೆತ್ತನೆಯ ಸೀಸವನ್ನು ತಟ್ಟಿ ಗುಂಡಾಗಿಸಿ, ಎಣ್ಣೆ ಹಚ್ಚಿ, ಉದ್ದಕ್ಕೂ ತಳ್ಳಿ ಹೊರತೆಗೆದಿದ್ದೆವು. ಎದುರುಬದುರು ಗೆರೆಗಳ ನಡುವೆ ಅಳೆದರೆ 7.6 ಮಿ.ಮೀ.

ಮುಂದಿನ ನಯವಾದ ಭಾಗವೂ ಕೊಳವೆಯೂ ಒಂದೇ ಮಾತು ಹೇಳುತ್ತವೆ. .300 ರೂಕ್ ಎಂಬ ಹಳೆಯ ಇಂಗ್ಲಿಷ್ ತೋಟಾದ ಕವಚ 1.17 ಅಂಗುಲ, ಅಂದರೆ 29.7 ಮಿ.ಮೀ. ಉದ್ದ. ಅಗಲ 8.1ರ ಆಸುಪಾಸು, ಗುಂಡು 7.6. ಅದರಲ್ಲಿ 10 ಗ್ರೇನ್ ಕರಿಮದ್ದು, 80 ಗ್ರೇನ್ ತೂಕದ ಸೀಸದ ಗುಂಡು. ನಮ್ಮ ಲೆಕ್ಕದಲ್ಲಿ ಮದ್ದು ಮುಕ್ಕಾಲು ಗ್ರಾಮೂ ಇಲ್ಲ. ಕೋವಿ ಹುಟ್ಟಿದ್ದು ಈ ತೋಟಾಕ್ಕೆ.

ಹಾಗಾದರೆ ಹಿಂದಿನ ಅಗಲ ಯಾರದ್ದು? 23.5 ಮಿ.ಮೀ. ಕಂಡ ಕೂಡಲೇ ಅನುಮಾನ ಬಂದಿತ್ತು. .32 ರಿವಾಲ್ವರಿನ ಉದ್ದ ತೋಟಾದ ಕವಚ 0.92 ಅಂಗುಲ, ಅಂದರೆ 23.4 ಮಿ.ಮೀ. ಅದರ ಅಗಲ 8.55. ನಮ್ಮ ದೇಶದಲ್ಲಿ ರಿವಾಲ್ವರ್ ಇಟ್ಟುಕೊಂಡವರಲ್ಲಿ ಬಹಳ ಮಂದಿಯ ಬಳಿ ಇರುವುದು ಅದೇ ತೋಟಾ. ಕಾಫಿ ಕೊಡುವಾಗ ದೊಡ್ಡಪ್ಪನನ್ನು ಕೇಳಿದೆ: "ದೊಡ್ಡಪ್ಪಾ, ಇದಕ್ಕೆ ಅಜ್ಜ ಯಾವ ತೋಟಾ ಹಾಕ್ತಿದ್ರು?"

"ಮೊದ್ಲು ಸೀಮೆಯಿಂದ ಬರ್ತಿತ್ತು, ಸಣ್ಣ ಡಬ್ಬೀಲಿ. ಯುದ್ಧ ಆದ್ಮೇಲೆ ಅದು ನಿಂತೋಯ್ತು. ಆಮೇಲೆ ಪೇಟೇಲಿ ಒಬ್ಬ ಕೋವಿ ರಿಪೇರಿಯವನಿದ್ದ. ಅವನ ಹತ್ರ ಏನೋ ಕೊರೆಸಿದ್ರು. ಪಿಸ್ತೂಲಿಂದೇ ಹೋಗ್ತಿತ್ತು."

ತೋಟಾ ಸಿಗದೆ ಹೋದಾಗ ಕೋಣೆಯನ್ನೇ ಸಿಗುವ ತೋಟಾಕ್ಕೆ ತಕ್ಕಂತೆ ಕೊರೆಸಿದ್ದಾರೆ. ಕೊಳವೆಯನ್ನು ಮುಟ್ಟಿಲ್ಲ. .32ರ ಗುಂಡಿನ ಅಗಲ 7.92 ಮಿ.ಮೀ., ಅದು ನುಗ್ಗಬೇಕಾದದ್ದು 7.6ರ ಕೊಳವೆಯೊಳಗೆ. ಗುಂಡು ಹಿಂಡಿಕೊಂಡು ಹೋಗುವಾಗ ಹಿಂದೆ ಒತ್ತಡ ಏರುತ್ತದೆ. ಅದೂ ಕರಿಮದ್ದಿಗೆ ಮಾತ್ರ ಪಾಸಾದ ಕಬ್ಬಿಣದಲ್ಲಿ, ಗೋಡೆ ತೆಳುವಾದ ಕೋಣೆಯಲ್ಲಿ, ಹೊಗೆಯಿಲ್ಲದ ಮದ್ದಿನಿಂದ. ಪರೀಕ್ಷೆ ಆದ ಮೇಲೆ ಕೋಣೆ ಕೊರೆದರೆ ಆ ಕಿರೀಟದ ಮುದ್ರೆಗೆ ಬೆಲೆ ಉಳಿಯುವುದಿಲ್ಲ. ಅಜ್ಜನ ಕಣ್ಣು ಕೈ ಎರಡೂ ಉಳಿದದ್ದು ನಮ್ಮ ಪುಣ್ಯ.

20 ಆಗಸ್ಟ್, ಭಾನುವಾರ

ರೂಕ್ ಅಂದರೆ ಇಂಗ್ಲೆಂಡಿನ ಕಾಗೆಯ ಜಾತಿಯ ಹಕ್ಕಿ. ಮೇ ತಿಂಗಳಲ್ಲಿ ಮರಿಗಳು ಗೂಡಿನಿಂದ ಹೊರಬಂದು ಕೊಂಬೆಯ ಮೇಲೆ ಕೂರುತ್ತವೆ, ಇನ್ನೂ ಹಾರಲು ಬರುವುದಿಲ್ಲ. ಬೆಳೆಗೆ ಕಂಟಕವೆಂದೂ ಅಡುಗೆಗೆಂದೂ ಅವನ್ನು ಹೊಡೆಯಲು ಹುಟ್ಟಿದ್ದು ಈ ಪುಟ್ಟ ರೈಫಲ್. ಮರದ ಮೇಲಕ್ಕೆ ಹಾರಿಸಿದ ಗುಂಡು ಎಲ್ಲಾದರೂ ಇಳಿಯಲೇಬೇಕು, ಅದಕ್ಕೇ ಹಗುರ ಗುಂಡು, ಕಡಿಮೆ ಮದ್ದು. .22 ಲಾಂಗ್ ರೈಫಲ್ ತೋಟಾ ಅಗ್ಗವಾಗಿ ಬಂದ ಮೇಲೆ ಇವುಗಳ ಕಾಲ ಮುಗಿಯಿತು. ಇಂಗ್ಲೆಂಡಿನಲ್ಲಿ ಎಷ್ಟೋ ರೂಕ್ ರೈಫಲ್‌ಗಳಿಗೆ ಒಳಗೊಂದು ಕೊಳವೆ ಕೂರಿಸಿ .22 ಮಾಡಿದರು, ಕೆಲವನ್ನು ಕೊರೆದು .410 ಚರೆಕೋವಿ ಮಾಡಿದರು. ಆದ್ದರಿಂದ ಇಂಥ ರೈಫಲ್ ಕೈಗೆ ಬಂದರೆ ಹುಟ್ಟಿನ ಗುರುತು ಸಿಕ್ಕಿತೆಂದು ನಿಲ್ಲಿಸುವಂತಿಲ್ಲ. ಆಮೇಲೆ ಯಾರು ಏನು ಮಾಡಿದರು ಎಂಬುದನ್ನೂ ಅಳೆಯಬೇಕು.

ಮಡಿಕೇರಿಯ ಬಳಿ ಫೌಲರ್ ಎಂಬ ದೊರೆ ಕಾಫಿ ತೋಟ ತೆರೆದದ್ದು 1854ರಲ್ಲಿ. ಆಮೇಲೆ ಬಂದ ತೋಟದ ದೊರೆಗಳ ಪೆಟ್ಟಿಗೆಗಳಲ್ಲಿ ಇಂಥ ಕೋವಿಗಳು ಬಂದವು. ನಮ್ಮವರ ಕೈಗೆ ಅವು ದಾಟಲು ಅಡ್ಡಿಯೂ ಇರಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರಗಿಟ್ಟಿದ್ದ. ಆ ವಿನಾಯಿತಿ ರೂಪ ಬದಲಿಸುತ್ತ ಬಂದು, 2019ರ ಅಧಿಸೂಚನೆಯಿಂದ 2029ರ ಅಕ್ಟೋಬರ್‌ವರೆಗೆ ಇದೆ. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆ ಹಕ್ಕಿನ ಬಗ್ಗೆ ನನಗೆ ಹೆಮ್ಮೆಯಿದೆ. ಪರವಾನಗಿ ಬೇಡ ಎಂದು ಸರಕಾರ ಹೇಳಿದ್ದರಿಂದಲೇ ಕೋವಿಯನ್ನು ಅರಿತು ಇಟ್ಟುಕೊಳ್ಳುವ ಭಾರ ಪೂರ್ತಿ ನಮ್ಮ ಮೇಲೆ ಬಿದ್ದಿದೆ ಎಂದೂ ನಂಬಿದ್ದೇನೆ.

ತಮ್ಮ ಇವತ್ತು ಬಂದಿದ್ದ. ಅಚ್ಚು, ಅಳತೆ ಎಲ್ಲ ತೋರಿಸಿದೆ. ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತ. ಆಮೇಲೆ, "ಒಂದೇ ಒಂದು ಈಡು ಅಕ್ಕಾ. ಟಯರಿಗೆ ಕಟ್ಟಿ, ಹಗ್ಗ ಕಟ್ಟಿ ದೂರದಿಂದ ಎಳೆದ್ರೆ?" ಎಂದ.

ಅದಕ್ಕೆ ಮಾವನೇ ಉತ್ತರ ಕೊಟ್ಟರು. ತೋಟಾ ಯಾವುದೆಂದು ಖಚಿತವಾಗಿ, ಅಳತೆ, ಬಿಗಿತ ಎಲ್ಲ ಸರಿಯಾದ ಮೇಲೂ ಹಳೆಯ ಕೋವಿಯ ಮೊದಲ ಈಡನ್ನು ಹಗ್ಗದಿಂದ ಎಳೆಯುವುದು ಒಳ್ಳೆಯದು, ಮರಳುಮೂಟೆಯ ಮರೆಯಿಂದ, ಆಮೇಲೆ ಕವಚ ಬಿರಿದಿದೆಯೋ ಕೇಪು ಉಬ್ಬಿದೆಯೋ ನೋಡಬೇಕು. "ತಪ್ಪು ತೋಟಾ ಅಂತ ಗೊತ್ತಿದ್ದೂ ಹಗ್ಗ ಎಳೆಯೋದು ಪರೀಕ್ಷೆ ಅಲ್ಲ ಮಗಾ. ಒಂದು ಸಲ ತಡ್ಕೊಂಡ್ರೆ ಎರಡನೇದನ್ನ ನೀನು ಭುಜಕ್ಕೇ ಇಟ್ಟು ಹೊಡೀತೀಯ."

ಸರಿಯಾದ .300 ತೋಟಾ ನಾವು ಕೇಳಿದ ಅಂಗಡಿಗಳಲ್ಲಿ ಎಲ್ಲೂ ಇಲ್ಲ. ಮನೆಯಲ್ಲಿ ತುಂಬಿಕೊಳ್ಳಲು ಕಾನೂನು ಬಿಡುವುದಿಲ್ಲ, ಬಿಟ್ಟರೂ ಮೆಟ್ಟಿಲು ಬಿದ್ದ ಈ ಕೋಣೆಯಲ್ಲಿ ಆ ಸಣಕಲು ಕವಚ ಉಬ್ಬಿ ಬಿರಿಯುತ್ತದೆ. ಹಾರಿಸುವುದಿಲ್ಲ ಎಂದು ದೊಡ್ಡಪ್ಪನ ಮುಂದೆಯೇ ತೀರ್ಮಾನವಾಯಿತು. ಅವರು ಏನೂ ಹೇಳದೆ ತಲೆಯಾಡಿಸಿದರು.

27 ಆಗಸ್ಟ್, ಭಾನುವಾರ

12 ಬೋರಿನದನ್ನೂ ಬಿಚ್ಚಿ ನೋಡಿದೆ. ದಿನಾ ಕಾಣುವ ಕೋವಿ ಎಂದು ಬಿಡುವುದು ಬೇಡ ಅನಿಸಿತು. ಇದರ ಅಡಿಯಲ್ಲಿ ಎನ್‌ಪಿ ಇದೆ. ಬಿಗಿತ ಸರಿಯಾಗಿದೆ. ಕೋಣೆಯ ಉದ್ದ 65 ಮಿ.ಮೀ. 70 ಮಿ.ಮೀ. ತೋಟಾ ಇದರಲ್ಲಿ ಸಲೀಸಾಗಿ ಕೂರುತ್ತದೆ, ಏಕೆಂದರೆ ಆ ಅಂಕಿ ಹಾರಿಸಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಬಿಚ್ಚಿಕೊಳ್ಳಲು ಕೋಣೆಯಲ್ಲಿ ಜಾಗ ಸಾಲದೆ ಒತ್ತಡ ಏರುತ್ತದೆ. ಹಾಗಾಗಿ 65ರದ್ದನ್ನೇ ತರಿಸಿದೆ.

3 ಸೆಪ್ಟೆಂಬರ್, ಕೈಲ್‌ಪೊಳ್ದ್

ದೇವರ ಕೋಣೆ ಕನ್ನಿಕೋಂಬರೆಯಲ್ಲಿ ಎರಡೂ ಕೋವಿಗಳನ್ನು ಇಟ್ಟು ಗಂಧ ಹಚ್ಚಿ ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸಿದೆವು. ಪೂಜೆಗೆ ಮುಂಚೆ ಮಾವ ಎರಡನ್ನೂ ತೆರೆದು ನೋಡಿದರು. ಕಡುಂಬುಟ್ಟು, ಪಂದಿಕರಿ ಊಟ ಮುಗಿಸಿ ಮಧ್ಯಾಹ್ನ ಎಲ್ಲರೂ ಗದ್ದೆಯ ಕಡೆಗೆ.

ತೆಂಗಿನಕಾಯನ್ನು ಮರದ ತುದಿಗೆ ಕಟ್ಟಬೇಕೆಂದು ಹುಡುಗರ ಹಟ. ಬೇಡ ಎಂದೆ. ಗದ್ದೆಯ ಆಚೆಯ ಮಣ್ಣಿನ ಬರೆಗೆ ಒರಗಿಸಿ ಗೂಟಕ್ಕೆ ಕಟ್ಟಿದೆವು, ಹಿಂದೆ ಎರಡಾಳೆತ್ತರದ ಮಣ್ಣು. ನಮ್ಮದು ಚರೆಕೋವಿಯೇ ಆದರೂ ಬೇರೆ ಮನೆಯವರು .22 ತರುತ್ತಾರೆ. ಅದರ ಗುಂಡು ಮೇಲ್ಮುಖವಾಗಿ ಹೋದರೆ ಒಂದೂವರೆ ಕಿಲೋಮೀಟರ್ ದಾಟಬಲ್ಲದು, ಅಷ್ಟರೊಳಗೆ ಇಲ್ಲಿ ತೋಟದ ಆಳುಗಳ ಎಷ್ಟು ಲೈನ್‌ಮನೆಗಳಿವೆ!

ಸರದಿಯಲ್ಲಿ ನಿಂತವರೆಲ್ಲ ಕೋವಿಯನ್ನು ಬಗ್ಗಿಸಿ ತೆರೆದೇ ಹಿಡಿದಿದ್ದರು. ಇಂಥ ಕೋವಿಯ ದೊಡ್ಡ ಗುಣವೇ ಅದು, ಖಾಲಿಯೋ ಅಲ್ಲವೋ ಹತ್ತು ಮಾರು ದೂರದವರಿಗೂ ಕಾಣುತ್ತದೆ. ಗೆರೆಯ ಬಳಿ ನಿಂತ ಮೇಲೆಯೇ ತೋಟಾ. ಚಿಕ್ಕಪ್ಪನ ಮಗಳು ಹೊಡೆದಾಗ ಕುದುರೆ ಬಿತ್ತು, ಈಡು ಆಗಲಿಲ್ಲ. ಅವಳ ಕೈ ಲಿವರಿಗೆ ಹೋಯಿತು. "ಬೇಡ, ಹಾಗೇ ಹಿಡಿ!" ಎಂದು ಮಾವ ಕೂಗಿದರು. ಕೇಪು ಹತ್ತಿ ಮದ್ದು ತಡವಾಗಿ ಉರಿಯುವುದುಂಟು. ಆಗ ತೆರೆದರೆ ಹಿಂಬಾಯಿ ನೇರ ಮುಖಕ್ಕೇ ಇರುತ್ತದೆ. ಬಾಯಿಯನ್ನು ಬರೆಯ ಕಡೆಗೇ ಇಟ್ಟು ಅವಳು ನಿಂತಿದ್ದಳು, ಮಾವ ಮೂವತ್ತರವರೆಗೆ ಗಟ್ಟಿಯಾಗಿ ಎಣಿಸಿದರು. ತೆರೆದು ನೋಡಿದರೆ ಕೇಪಿನ ಮೇಲೆ ಮೊಳೆಯ ಗುಳಿ ಸರಿಯಾಗಿಯೇ ಬಿದ್ದಿತ್ತು, ತೋಟಾವೇ ಹಾಳು. ಎರಡನೆಯದಕ್ಕೆ ಕಾಯಿ ಒಡೆದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನನ್ನ ತಮ್ಮ.

5 ಸೆಪ್ಟೆಂಬರ್, ಮಂಗಳವಾರ

ರೂಕ್ ರೈಫಲ್ಲಿನ ಟ್ರಿಗರ್ ಕಾವಲಿಗೆ ತಗಡಿನ ಚೀಟಿ ಕಟ್ಟಿದೆ. ಅದರಲ್ಲಿ ಕೊರೆದದ್ದು: ".300 ರೂಕ್, ಕರಿಮದ್ದು. ಕೋಣೆ ಆಮೇಲೆ .32ಕ್ಕೆ ಕೊರೆದದ್ದು. ಯಾವ ತೋಟಾವನ್ನೂ ಹಾಕಬಾರದು." ಅಳತೆಯ ಹಾಳೆಯ ಒಂದು ಪ್ರತಿ ವಿನಾಯಿತಿ ಪತ್ರದ ಜೊತೆ, ಇನ್ನೊಂದು ಗಂಧಕದ ಅಚ್ಚಿನ ಜೊತೆ ಡಬ್ಬಿಯಲ್ಲಿ. ಪತ್ರದಲ್ಲಿರುವ .30 ಎಂಬುದನ್ನು ಸರಿಪಡಿಸಿಕೊಡಿ ಎಂದು ಮಡಿಕೇರಿಯ ಕಚೇರಿಗೆ ಅರ್ಜಿ ಬರೆದಾಯಿತು, ದೊಡ್ಡಪ್ಪ ಸಹಿ ಹಾಕಿದರು.

ಸಂಜೆ ಕೆಳಗಿನ ಮನೆಯ ಅಣ್ಣ ಬಂದು, ತಮ್ಮಲ್ಲೂ ಇಂಥದೇ ಒಂದಿದೆ, ಎರಡು ನಳಿಗೆಯದು, ಮೇಲೆ ಕಲ್ಕತ್ತೆಯ ಹೆಸರಿದೆ, ಅಡಿ ನೋಡಿದವರಿಲ್ಲ ಎಂದರು. ಭಾನುವಾರ ಮಾವನನ್ನು ಕರೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ ಎಂದೆ. ಗಂಧಕ ಇನ್ನೂ ಅರ್ಧ ಕಿಲೋ ಉಳಿದಿದೆ.